ಮೂರು ಬಟ್ಟಲು ಮಾವು, ನೂರೆಂಟು ಬಿರುದು

ಕಡಲಾಚೆ ಹದಿನೆಂಟು ದೇಶ ಸುತ್ತಿ ಬಂದೆನೆನ್ನುವ ಬಾಣಸಿಗ ಗುಣಾಕರ ಒಂದು ದಿನ ಕಲ್ಲಹಳ್ಳಿಯ ಅರಮನೆಯಲ್ಲಿ ಮೀಸೆ ತಿರುವಿದ. ಹದಿನೆಂಟೋ ಎಂಟೋ, ಎಣಿಸಿದವರು ಯಾರು?

"ಪ್ರಭು, ಮೂರು ಬಟ್ಟಲು ತರುತ್ತೇನೆ. ಮೂರೂ ಮಾವೇ, ಮಂಜುಗಡ್ಡೆಯಲ್ಲಿಟ್ಟು ಹೆಪ್ಪುಗಟ್ಟಿಸಿದ್ದು. ಒಂದು, ಬರೀ ರಸ ಸಕ್ಕರೆ, ಬಿಡದೆ ಕಡೆದದ್ದು. ಇನ್ನೊಂದಕ್ಕೆ ಚೂರು ಹಾಲು. ಮತ್ತೊಂದು ಕಡೆಯದೆ ಗಟ್ಟಿಮಾಡಿ ಕೆರೆದದ್ದು, ಹಲ್ಲಿಗೆ ಮರಳಿನ ಹಾಗೆ. ನಾಲಗೆಯಿರುವ ದೊರೆ ತಟ್ಟನೆ ಗುರುತಿಸುತ್ತಾನೆ. ಗುರುತಿಸದಿದ್ದರೆ ಅಡುಗೆಮನೆ ಬೀಗದ ಕೈ ನನಗೆ!"

ದೊರೆ ಕೆಂಗಣ್ಣನಾಯಕ ಹಿಂಜರಿದಾನೆಯೆ? "ನಾಳೆ ಮಧ್ಯಾಹ್ನವೇ ಆಗಲಿ!" ಅಂದುಬಿಟ್ಟ.

ಮೂವತ್ತು ವರ್ಷ ಆ ಅಡುಗೆಮನೆಯ ಒಲೆ ಊದಿದ್ದ ಬೋರಕ್ಕ ಹೊಗಳುಭಟ ಸಿಂಗಣ್ಣನ ಹತ್ತಿರ ಓಡಿದಳು.

"ನನ್ನ ಕತೆ ಮುಗೀತು ಕಣೋ. ಎಲೆಅಡಿಕೆ ಸುಣ್ಣಕ್ಕೆ ಧಣಿ ನಾಲಗೆ ಹಳೇ ಚಪ್ಪಲಿ ಆಗಿದೆ. ಸಾರು ಯಾವುದು, ಮಜ್ಜಿಗೆ ಯಾವುದು ಅಂತ ನಾನೇ ಕಿವಿಯಲ್ಲಿ ಹೇಳಬೇಕು!"

"ಅಳಬೇಡ ಅಕ್ಕ. ಊಟಕ್ಕೆ ಮುಂಚೆ ದೊರೆ ಬಿರುದು ಕೂಗೋನು ಯಾರು?"

"ನೀನೇ. ದಿನಾ ಮೂರು ಕೂಗಿ ಮುಗಿಸ್ತೀಯ, ಸೋಮಾರಿ."

"ಇರೋದು ನೂರೆಂಟು," ಅಂತ ಸಿಂಗಣ್ಣ ಒಂದು ಕಲ್ಲುಸಕ್ಕರೆ ಬಾಯಿಗೆಸೆದುಕೊಂಡ.

ಮರುದಿನ ನೆತ್ತಿ ಸುಡುವ ಬಿಸಿಲು. ಮೋಸ ಬೇಡವೆಂದು ಗುಣಾಕರನೇ ಬಟ್ಟಲುಗಳನ್ನು ಪರದೆ ಹಿಂದೆ, ತನಗೂ ತಿಳಿಯದ ಹಾಗೆ, ಅದಲುಬದಲು ಮಾಡಿಸಿ ತರಿಸಿದ. ದೊರೆ ಕೈ ಚಾಚಿದ.

"ಪ್ರಭು! ಬಿರುದು ಮುಗಿಯದೆ ಮುಟ್ಟಬಾರದು. ತಮ್ಮ ಮುತ್ತಾತನ ಕಟ್ಟಳೆ!" ಸಿಂಗಣ್ಣ ಕಿವಿಗೆ ಕೈಯಿಟ್ಟು ಶುರುಮಾಡಿದ. "ಏಳು ಕೆರೆಗಳ ಒಡೆಯಾ, ಬಹುಪರಾಕ್! ಎಂಟನೇ ಕೆರೆಯನ್ನು ನೋಡಿ ಬಂದ ಧೀರಾ, ಬಹುಪರಾಕ್!"

ನಲವತ್ತನೆಯದಕ್ಕೆ ಬಂದಾಗ ಗುಣಾಕರ ಬೆವರುತ್ತಿದ್ದ. "ಬೇಗ ಮುಗಿಸಯ್ಯಾ!"

"ಅಯ್ಯೋ, ನಡುವೆ ಬಾಯಿ ಹಾಕಿದಿರಲ್ಲ ಸ್ವಾಮಿ! ಇನ್ನು ಮೊದಲಿಂದ ಹೇಳಬೇಕು. ಅದೂ ಕಟ್ಟಳೆ. ಏಳು ಕೆರೆಗಳ ಒಡೆಯಾ..."

ನೂರೆಂಟು ಮುಗಿದಾಗ ಮೂರು ಬಟ್ಟಲಲ್ಲೂ ಹಳದಿ ನೀರು.

"ಎಲ್ಲಾ ಒಂದೇ ಥರ ಇದೆಯಲ್ಲೋ?" ಅಂದ ದೊರೆ. ದನಿಯಲ್ಲಿ ಸಂತೋಷ ಮುಚ್ಚಿಡಲಾಗಲಿಲ್ಲ.

"ಮಾಡಿದವರೇ ತೋರಿಸಲಿ ಪ್ರಭು," ಅಂದ ಸಿಂಗಣ್ಣ. " ಆದರೆ ತಮಗಿಂತ ಮೊದಲು ರುಚಿ ನೋಡುವಂತಿಲ್ಲ."

ಗುಣಾಕರ ಬಗ್ಗಿದ, ಇಣುಕಿದ, ತಲೆ ಕೆರೆದ. "ಕರಗಿದ ಮೇಲೆ ಹೇಗೆ ಹೇಳಲಿ?"

ಅಷ್ಟರಲ್ಲಿ ಅರಮನೆ ಬೆಕ್ಕು ಬಂತು. ಎರಡು ಬಟ್ಟಲು ಮೂಸಿ ಬಿಟ್ಟು, ಮೂರನೆಯದಕ್ಕೆ ಬಾಯಿ ಹಾಕಿತು.

"ಹಾಲಿದ್ದದ್ದು ಅದು!" ಅಂದ ಸಿಂಗಣ್ಣ. "ಬೆಕ್ಕಿಗೆ ಸಿಕ್ಕಿತು, ಬಾಣಸಿಗರಿಗೆ ಸಿಗಲಿಲ್ಲ. ತಮ್ಮ ಬಿರುದು ಮುಗಿಯುವ ತನಕ ನಿಲ್ಲದ ವ್ಯತ್ಯಾಸ ಕಟ್ಟಿಕೊಂಡು ಏನು ಮಾಡೋದು ಪ್ರಭು? ಬೋರಕ್ಕನ ಪಾನಕ ಸಂಜೆಗೂ ಪಾನಕವೇ."

ದೊರೆ ಹೊಟ್ಟೆ ಹಿಡಿದು ನಕ್ಕ. ಬೀಗದ ಕೈ ಬೋರಕ್ಕನ ಸೊಂಟದಲ್ಲೇ ಉಳಿಯಿತು. ಸಿಂಗಣ್ಣನ ಹೆಗಲಿಗೊಂದು ಶಾಲು ಬಂತು.

"ಕೇಳೋಕೆ ಎಷ್ಟು ಚೆನ್ನಾಗಿತ್ತೋ! ನಾಳೆಯಿಂದ ದಿನಾ ನೂರೆಂಟೂ ಹೇಳು," ಅಂದ ದೊರೆ.

ಸಿಂಗಣ್ಣ ಇನ್ನೊಂದು ಕಲ್ಲುಸಕ್ಕರೆ ಬಾಯಿಗೆಸೆದುಕೊಂಡು ಕೈಮುಗಿದ.

"ಅಪ್ಪಣೆ ಪ್ರಭು. ಆದರೆ ಊಟ ಆದ ಮೇಲೆ ಹೇಳ್ತೀನಿ. ಹತ್ತನೆಯದಕ್ಕೇ ತಮಗೆ ಒಳ್ಳೆ ನಿದ್ದೆ ಬರುತ್ತೆ!"