ಹಳೆಯ ಪಿಸ್ಟನ್ನಿನ ಜಾಗ

ಒಂದು ಕಾಲಕ್ಕೆ ರ‍್ಯಾಲಿಗಳಲ್ಲಿ ಹಾರಾಡಿದ್ದ ತನ್ನ ಹಳೆಯ ಕಾರಿನ ಎಂಜಿನ್ನನ್ನು ಯತಿರಾಜ ಮನೆಯ ಶೆಡ್ಡಿನಲ್ಲೇ ಬಿಚ್ಚಿದ. ಸವೆದ ಸಿಲಿಂಡರುಗಳನ್ನು ಕೊರೆಸಲು ಲೇತ್ ಅಂಗಡಿಗೆ ಕಳಿಸಿದ. ಅವುಗಳೊಳಗೆ ಮೇಲೆ ಕೆಳಗೆ ಓಡಾಡುತ್ತಿದ್ದ ಪಿಸ್ಟನ್ನುಗಳೆಲ್ಲ ಗುಜರಿಗೆ ಹೋದವು. ಒಂದನ್ನು ಮಾತ್ರ ಸೀಮೆಎಣ್ಣೆಯಲ್ಲಿ ತೊಳೆದು, ಫಳಫಳ ಹೊಳೆಯುವಂತೆ ತಿಕ್ಕಿ ಕಿಟಕಿಯಲ್ಲಿಟ್ಟ. ಈ ಉಪಚಾರವೆಲ್ಲ ತನ್ನನ್ನು ಮತ್ತೆ ಒಳಗೆ ಕೂರಿಸುವುದಕ್ಕೇ ಎಂದು ಅದು ಹಿಗ್ಗಿತು.

ತನ್ನ ಸಿಲಿಂಡರ್ ಮರಳಿ ಬಂದದ್ದೇ ಪಿಸ್ಟನ್ ಕೂಗಿತು: "ಬಂದೆಯಾ ಗೆಳೆಯಾ! ನಿನ್ನ ಮೈಮೇಲಿದ್ದ ಗೀರುಗಳೆಲ್ಲಿ?"

"ಕೆರೆದು ತೆಗೆದರು. ಎಲ್ಲವೂ ನೀನು ಮಾಡಿದವೇ."

"ಬೇಕೆಂದು ಮಾಡಿದೆನೇ? ಕೊನೆಯ ರ‍್ಯಾಲಿಯಲ್ಲಿ, ಎಣ್ಣೆ ಬತ್ತಿದ ಆ ಘಾಟಿಯಲ್ಲಿ ನಾನೂ ಸವೆದೆನಲ್ಲ!"

"ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಗಾಯ ಮಾಯವಾಗುವಷ್ಟು ಕೆರೆದ ಮೇಲೆ ನಾನು ಅಗಲವಾಗಿದ್ದೇನೆ. ಈಗ ನೀನು ಬಂದರೆ ನನ್ನೊಳಗೆ ಲೊಡಲೊಡ ಅನ್ನುತ್ತೀಯ."

ಅಷ್ಟರಲ್ಲಿ ಯತಿರಾಜ ದಪ್ಪನೆಯ ಹೊಸ ಪಿಸ್ಟನ್ನಿಗೆ ಎಣ್ಣೆ ಸವರಿ ಆ ಸಿಲಿಂಡರಿನೊಳಗೆ ಇಳಿಸಿದ. ಹಳೆಯದನ್ನು ಹೆಂಡತಿಯ ಕೈಗಿತ್ತ. "ಪಾಪ, ತುಂಬಾ ದುಡಿದಿದೆ ಕಣೇ. ಷೋಕೇಸಿನಲ್ಲಿಡು."

ಎಂಜಿನ್ ಮೊದಲ ಸಲ ಗುಡುಗಿದ ದಿನ ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತ ಅಂಗಳಕ್ಕೆ ಓಡಿದರು. ಷೋಕೇಸಿನ ಗಾಜು ನಡುಗಿತು. ಆ ಸದ್ದಿನೊಳಗೆ ಎಲ್ಲಾದರೂ ಒಂದು ಲೊಡಲೊಡ ಕೇಳೀತೇ ಎಂದು ಪಿಸ್ಟನ್ ಕಿವಿಗೊಟ್ಟು ಕೂತಿತು.

ಎಲ್ಲಿಯೂ ಕೇಳಲಿಲ್ಲ.