ಹೊಳೆಯ ಸಾಲು

ಶಿಷ್ಯನು ಕೇಳಿದನು: "ಗುರುಗಳೇ, ತಿಂಗಳ ಹೆಸರುಗಳನ್ನು ಜೋಡಿಸು ಎಂದರೆ ತಂತ್ರಾಂಶ ಅಕ್ಷರಮಾಲೆ ಹಿಡಿದು ಅಕ್ಟೋಬರನ್ನು ಮೊದಲು ತಂದು ನಿಲ್ಲಿಸುತ್ತದೆ. ಸರಿಯಾದ ಕ್ರಮಸಂಖ್ಯೆ ಇನ್ನೊಂದು ಕೋಷ್ಟಕದಲ್ಲಿದೆ. ಅದನ್ನು ಈ ಕೋಷ್ಟಕಕ್ಕೆ ತಂದರಷ್ಟೇ ಅದರ ಪ್ರಕಾರ ಜೋಡಿಸಲು ಒಪ್ಪುತ್ತದೆ. ಹೆಸರುಗಳೆಲ್ಲ ಹೇಗೂ ಇದ್ದೇ ಇವೆ. ಇಷ್ಟು ತೊಂದರೆ ಏಕೆ?"

ಗುರು ಪರದೆಯಿಂದ ಮುಖ ತಿರುಗಿಸಿ ಹೇಳಿದರು:

ಒಂದು ಅಣೆಕಟ್ಟಿನಲ್ಲಿ ಒಬ್ಬ ಎಂಜಿನಿಯರ್ ಇದ್ದನು. ಕೆಟ್ಟವನಲ್ಲ. ಕೆಳಗಿನ ಹೊಳೆದಂಡೆಯ ಊರುಗಳಲ್ಲೆಲ್ಲ ಓಡಾಡಿ ಬಂದವನು. ಗೇಟು ತೆರೆಯುವಾಗ ಆ ಊರುಗಳಿಗೆ ಫೋನ್ ಮಾಡಿ ಎಚ್ಚರಿಸುವುದು ಅವನ ಕೆಲಸ. ಅದಕ್ಕಾಗಿ ಕಂಪ್ಯೂಟರಿನಲ್ಲಿ ಎರಡು ಕೋಷ್ಟಕ ಮಾಡಿದನು. ಒಂದರಲ್ಲಿ ಊರಿನ ಹೆಸರು, ಊರ ಹಿರಿಯರ ಫೋನ್ ನಂಬರು. ಇನ್ನೊಂದರಲ್ಲಿ ಅಣೆಕಟ್ಟಿನಿಂದ ಆ ಊರಿಗಿರುವ ದೂರ. ಎರಡಕ್ಕೂ ನಂಟು ಕೂಡಿಸಿದನು. ಬಳಿಕ ಹೆಸರುಗಳನ್ನು ದೂರದ ಪ್ರಕಾರ ಜೋಡಿಸಲು ನೋಡಿದನು. ದೂರದ ಕಾಲಂ ಈ ಕೋಷ್ಟಕದಲ್ಲಿಲ್ಲ, ಆಗದು ಎಂದಿತು ತಂತ್ರಾಂಶ. ನಂಟು ಹಿಡಿದು ಆ ಕಾಲಂ ಅನ್ನು ಈಚೆಗೆ ತರಬೇಕಿತ್ತು. ಸಣ್ಣ ಕೆಲಸ. ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಯಾವ ಊರೂ ಬಿಟ್ಟುಹೋಗಿಲ್ಲ ಎಂದು ಮತ್ತೊಮ್ಮೆ ನೋಡಿಕೊಂಡು ಎದ್ದನು. ಆಮೇಲೆ ಪಟ್ಟಿ ಅಕ್ಷರಮಾಲೆಯ ಕ್ರಮದಲ್ಲಿ ಹಾಗೆಯೇ ಉಳಿಯಿತು.

ಆ ವರ್ಷ ಮೇಲಿನ ಸೀಮೆಯಲ್ಲಿ ಮಳೆ ಸುರಿಯಿತು. ಕೆಳಗೆ ಬಿಸಿಲಿತ್ತು. ಒಂದು ಮುಂಜಾನೆ ಗೇಟುಗಳನ್ನು ತೆರೆಯಲೇಬೇಕಾಯಿತು. ಎಂಜಿನಿಯರ್ ಫೋನ್ ಹಿಡಿದು ಪರದೆಯ ಮುಂದೆ ಕೂತನು.

ಮೊದಲ ಹೆಸರು ಅಡವಿಹಾಳ. ಅದು ಹೊಳೆಯ ಕಟ್ಟಕಡೆಯ ಊರು. ನೀರು ಅಲ್ಲಿಗೆ ಮುಟ್ಟುವಾಗ ಸಂಜೆಯಾಗುತ್ತದೆ. ಎಷ್ಟು ನೀರು ಬರುತ್ತದೆ, ಪಂಪುಸೆಟ್ಟುಗಳನ್ನು ಮೇಲಕ್ಕೆ ಸಾಗಿಸಬೇಕೇ ಎಂದು ಅಲ್ಲಿನವರು ವಿಚಾರಿಸಿದರು. ಅವನು ಸಮಾಧಾನದಿಂದ ಉತ್ತರ ಕೊಟ್ಟನು. ನಂತರ ಅದರ ಕೆಳಗಿನ ಹೆಸರು, ಅದರ ಕೆಳಗಿನದು. ಕೆಲವರು ಫೋನ್ ಎತ್ತಲಿಲ್ಲ. ಬಿಡದೆ ಮತ್ತೆ ಮಾಡಿದನು. ಹೊತ್ತು ಹೋಯಿತು. ಕೊನೆಗೆ ಹೊಸಗಡ್ಡಿ ಬಂತು. ಅದು ಅಣೆಕಟ್ಟಿನ ಬುಡದಲ್ಲೇ ಇರುವ ಊರು. ಆ ಹೆಸರು ಕಂಡದ್ದೇ ಅವನು ಗಡಿಬಿಡಿಯಿಂದ ನಂಬರು ಒತ್ತಿದನು.

ಫೋನ್ ಎತ್ತಿದವನು ಊರ ಹಿರಿಯ ಹುಸೇನಪ್ಪ.

"ಹುಸೇನಪ್ಪನವರೇ, ನೀರು ಬಿಟ್ಟಿದ್ದೇವೆ. ಹೊಳೆಯಲ್ಲಿರುವವರನ್ನು ಬೇಗ ಮೇಲಕ್ಕೆ ಕರೆಸಿ."

"ನೀರು ಬಂದು ಹೋತ್ರಿ ಸಾಹೇಬ್ರ. ಹೆಣ್ಮಕ್ಕಳು ಕೌದಿ ಒಗಿಯಾಕ ಇಳಿದಿದ್ರು. ನನ್ನ ಮಗಳೂ ಇದ್ಲು."

ಕೌದಿಗಳು ಕೆಳಗಿನ ಊರುಗಳ ಜಾಲಿಗಿಡಗಳಲ್ಲಿ ಸಿಕ್ಕವು. ಕೊಚ್ಚಿಹೋದವರಲ್ಲಿ ಕೆಲವರು ಸಿಗಲೇ ಇಲ್ಲ. ಹುಸೇನಪ್ಪನ ಮಗಳೂ ಸಿಗಲಿಲ್ಲ.

ವಿಚಾರಣೆ ನಡೆಯಿತು. ಎಲ್ಲ ಊರುಗಳಿಗೂ ಕರೆ ಹೋಗಿದೆ, ಕರ್ತವ್ಯಲೋಪವಿಲ್ಲ ಎಂದು ತೀರ್ಮಾನವಾಯಿತು. ಆದರೂ ಎಂಜಿನಿಯರ್ ಹೊಸಗಡ್ಡಿಗೆ ಹೋಗಿ ಹುಸೇನಪ್ಪನ ಮನೆಯ ಮುಂದೆ ನಿಂತನು. ಹುಸೇನಪ್ಪ ಬೈಯಲಿಲ್ಲ.

"ಮೊದಲು ಯಾವ ಊರಿಗೆ ಫೋನ್ ಮಾಡಿದ್ರಿ?" ಎಂದು ಕೇಳಿದನು.

"ಅಡವಿಹಾಳಕ್ಕೆ."

"ಅಲ್ಲಿ ನಮ್ಮ ಬೀಗರು ಅದಾರ. ನೀರು ಬರೂದು ನೋಡಾಕ ಸಂಜೀಮುಂದ ಹುಡುಗರನ್ನ ಕರ್ಕೊಂಡು ದಂಡಿಗೆ ಬಂದು ನಿಂತಿದ್ರಂತ."

ಅಷ್ಟು ಹೇಳಿ ಹುಸೇನಪ್ಪ ಒಳಗೆ ಹೋದನು. ಎಂಜಿನಿಯರ್ ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದನು. ಅವನಿಗೆ ಕೂಡು ಎಂದವರಿಲ್ಲ, ಹೋಗು ಎಂದವರೂ ಇಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನು ಮೆಲ್ಲಗೆ ಹೇಳಿದನು: "ಆದರೂ ಗುರುಗಳೇ, ಅವನು ಬೇಕೆಂದು ಆ ಊರನ್ನು ಕೊನೆಗೆ ಹಾಕಲಿಲ್ಲ. ಅಕ್ಷರಮಾಲೆ ಹಾಕಿತು."

"ಅಕ್ಷರಮಾಲೆಗೆ ಹೊಳೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು" ಎಂದರು ಗುರು.

ಶಿಷ್ಯನು ಕ್ರಮಸಂಖ್ಯೆಯಿದ್ದ ಕೋಷ್ಟಕವನ್ನು ತೆರೆದನು.