ಬಾಯಾರಿಕೆ ಮರೆತ ಕುದುರೆ

ಪರ್ವತಯ್ಯ ಗುರುಗಳನ್ನು ಕೇಳಿದ: "ಬುದ್ಧಿ, ಆರು ತಿಂಗಳಾಯಿತು, ನನ್ನೊಳಗೆ ಒಂದು ಪ್ರಶ್ನೆಯೂ ಏಳುತ್ತಿಲ್ಲ. ಮಠಕ್ಕೆ ಬಂದ ಹೊಸದರಲ್ಲಿ ದಿನಕ್ಕೆ ಹತ್ತು ಪ್ರಶ್ನೆ ಕೇಳಿ ತಮ್ಮ ತಲೆ ತಿನ್ನುತ್ತಿದ್ದೆ. ಈಗ ಕೂತರೆ ಕೂತೆ, ಎದ್ದರೆ ಎದ್ದೆ. ಏನೂ ಬೇಕೆನಿಸುವುದಿಲ್ಲ. ಮುಟ್ಟಬೇಕಾದ ಕಡೆ ಮುಟ್ಟಿದ್ದೇನೆ ಎಂದು ತಿಳಿಯಬಹುದೇ? ಹಾಗಿದ್ದರೆ ಅಪ್ಪಣೆ ಕೊಡಿ. ಕೆಳಗಿನ ಊರಿನವರು ಬೋಧನೆಗೆ ಒಬ್ಬರನ್ನು ಕಳಿಸಿ ಎಂದು ಕೇಳುತ್ತಿದ್ದಾರೆ. ನಾಳೆಯೇ ಹೊರಡುತ್ತೇನೆ."

ಪರ್ವತಯ್ಯ ಹನ್ನೊಂದು ವರ್ಷದಿಂದ ಗುರುಗಳ ಬಳಿ ಇದ್ದ ಶಿಷ್ಯ. ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

"ಕೂತುಕೋ," ಎಂದರು. "ಒಂದು ಕುದುರೆಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ನಿನಗೆ ಹೇಗೂ ಪ್ರಶ್ನೆ ಏಳುವುದಿಲ್ಲವಲ್ಲ, ನನಗೂ ಹೇಳುವುದು ಸಲೀಸಾಯಿತು."

ಪರ್ವತಯ್ಯ ಕೂತ. ಗುರುಗಳು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಒಂದು ಹೆಣ್ಣು ಕುದುರೆ. ಮೈ ಕೆಂಚಗಿತ್ತು, ಅದಕ್ಕೆ ಕೆಂಚಿ ಎಂದೇ ಕರೆಯುತ್ತಿದ್ದ. ಒಂಬತ್ತು ವರ್ಷ ಅದರ ಬೆನ್ನ ಮೇಲೆ ಊರೂರು ಸುತ್ತಿ ಬಟ್ಟೆ ಮಾರಿದವನು. ಹೆಂಡತಿ ತೀರಿಹೋದ ಮೇಲೆ ಅವನ ಸುಖದುಃಖ ಕೇಳುತ್ತಿದ್ದುದು ಆ ಕುದುರೆಯೊಂದೇ. ಹುರುಳಿ ಬೇಯಿಸಿ ತನ್ನ ಕೈಯಾರೆ ತಿನ್ನಿಸುತ್ತಿದ್ದ. ಅದು ತಿಂದ ಮೇಲೆಯೇ ತಾನು ಊಟಕ್ಕೆ ಕೂರುತ್ತಿದ್ದ. ಕುದುರೆಯ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಅವನು ನಂಬಿದ್ದ. ತಿಳಿದವರ ಪಾಡೇ ಅಷ್ಟು. ಇರಲಿ, ಮುಂದೆ ಕೇಳು.

ಒಂದು ಬೇಸಿಗೆಯಲ್ಲಿ ಅವನ ಮಗಳು ದೂರದ ಊರಿನಲ್ಲಿ ಹೆತ್ತಳು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಅಲ್ಲಿಗೆ ಎರಡು ದಿನದ ಬಯಲು ದಾರಿ. ಆ ದಾರಿಯಲ್ಲಿ ಓಡಾಡುವವರು ನಸುಕಿನಲ್ಲಿ ಹೊರಟು, ಬಿಸಿಲೇರಿದ ಮೇಲೆ ನೆರಳು ನೋಡಿ ತಂಗಿ, ಹೊತ್ತು ಇಳಿದ ಮೇಲೆ ಮತ್ತೆ ಹೊರಡುತ್ತಾರೆ. ಇವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮೊಮ್ಮಗಳ ಮುಖ ನೋಡುವ ಆತುರ. ಒಂದೇ ದಿನದಲ್ಲಿ ದಾರಿ ಮುಗಿಸುತ್ತೇನೆ ಎಂದು ಹೊರಟ.

ಹೊತ್ತು ಮಾರುದ್ದ ಏರುವುದರೊಳಗೆ ಕೆಂಚಿ ಬೆವರಿತು. ದಾರಿಯ ಪಕ್ಕದಲ್ಲಿ ಒಂದು ಕೆರೆ ಕಂಡಿತು. ಕುದುರೆ ತಾನಾಗಿ ಕೆರೆಯ ಕಡೆ ತಿರುಗಿತು. ವರ್ತಕ ಲಗಾಮು ಎಳೆದ. ಬೆವರಿದ ಕುದುರೆಗೆ ನೀರು ತೋರಿಸಬಾರದು, ಕುಡಿದರೆ ಹೊಟ್ಟೆ ನುಲಿದು ಬೀಳುತ್ತದೆ ಎಂದು ಅವನ ಅಪ್ಪ ಹೇಳಿದ್ದ. ಅಪ್ಪ ಹೇಳಿದ ಮಾತು, ಅದರ ಮೇಲೆ ಇನ್ನೊಂದು ಮಾತುಂಟೇ? "ಮೈ ಆರಲಿ, ಆಮೇಲೆ ಕುಡಿಯುವೆಯಂತೆ," ಎಂದ. ಬಿಸಿಲಲ್ಲಿ ಓಡುವ ಕುದುರೆಯ ಮೈ ಯಾವಾಗ ಆರುತ್ತದೆ? ನೀನು ಹೇಳಬೇಡ, ನಾನೇ ಹೇಳುತ್ತೇನೆ. ಅದು ಆರುವುದಿಲ್ಲ.

ನಡು ಮಧ್ಯಾಹ್ನ ಒಂದು ಊರು ಸಿಕ್ಕಿತು. ಬಾವಿಯ ಬಳಿ ಹೆಂಗಸರು ನೀರು ಸೇದಿ ದನಕರುಗಳಿಗೆಂದು ಕಲ್ಲಿನ ತೊಟ್ಟಿಗೆ ಸುರಿಯುತ್ತಿದ್ದರು. ಕೆಂಚಿ ಅಲ್ಲಿ ನಿಂತುಬಿಟ್ಟಿತು. ಕಾಲು ಕೆರೆಯಿತು, ಕೆನೆಯಿತು. "ಅಯ್ಯೋ ಪಾಪ, ಅದೇ ಬಾಯಿಬಿಟ್ಟು ಕೇಳ್ತಾ ಇದೆ, ಕುಡಿಸಪ್ಪಾ," ಎಂದರು ಹೆಂಗಸರು. "ನಿಮಗೆ ಇದೆಲ್ಲ ಗೊತ್ತಾಗಲ್ಲ, ಸುಮ್ಮನಿರಿ," ಎಂದು ವರ್ತಕ ಹಿಮ್ಮಡಿಯಿಂದ ಪಕ್ಕೆಗೆ ತಿವಿದ. ಕುದುರೆ ಹೊರಟಿತು. ಹೋಗುತ್ತಾ ಎರಡು ಸಲ ಹಿಂದಕ್ಕೆ ತಿರುಗಿ ನೋಡಿತು.

ಸಂಜೆಯ ಹೊತ್ತಿಗೆ ಚೌಳು ನೆಲ ಬಂತು. ಉಪ್ಪು ಮಣ್ಣಿನ ಬಯಲು ಅದು. ಅಲ್ಲಿ ಒಬ್ಬ ಮುದುಕಿ ಆ ಮಣ್ಣನ್ನು ನೀರಲ್ಲಿ ನೆನೆಸಿ, ಬಸಿದು, ಬಿಸಿಲಿಗೆ ಒಣಗಿಸಿ ಉಪ್ಪು ಮಾಡುತ್ತಿದ್ದಳು. ಅದನ್ನು ಕತ್ತೆಗಳ ಮೇಲೆ ಹೇರಿ ಮಾರುತ್ತಿದ್ದಳು. ಅವಳ ಗುಡಿಸಲ ಹಿಂದೆ ಒಂದು ಸಿಹಿನೀರಿನ ಬಾವಿ ಇತ್ತು.

ವರ್ತಕ ಇಳಿದು ಕುದುರೆಯ ಮೈ ಸವರಿದ. ಬೆವರು ನಿಂತಿತ್ತು. ಕುತ್ತಿಗೆಯ ಮೇಲೆ, ಪಕ್ಕೆಯ ಮೇಲೆ ಬೆಳ್ಳಗೆ ಗೆರೆ ಮೂಡಿತ್ತು. ಮೈ ಆರಿತು ಎಂದು ಅವನಿಗೆ ಸಂತೋಷವಾಯಿತು. ತಾನೇ ನೀರು ಸೇದಿ ಬಕೆಟ್ಟು ತುಂಬಿಸಿ ಮುಂದಿಟ್ಟ. ಕುದುರೆ ಮೂಸಿ ನೋಡಿ ತಲೆ ಎತ್ತಿತು. ಅವನು ಕೈಯಾಡಿಸಿ ನೀರಿನ ಸದ್ದು ಮಾಡಿದ. ಅದು ಮುಖ ತಿರುಗಿಸಿತು.

"ನೋಡಿದೆಯಾ ಅಜ್ಜಿ ನನ್ನ ಕೆಂಚಿಯನ್ನು!" ಎಂದ ವರ್ತಕ. "ಇಡೀ ದಿನ ಬಿಸಿಲಲ್ಲಿ ಬಂದಿದೆ. ಬಾಯಾರಿಕೆ ಅನ್ನುವುದೇ ಇಲ್ಲ." ಬೆನ್ನು ತಟ್ಟಿ, ಮತ್ತೆ ಹತ್ತಲು ರಿಕಾಪಿಗೆ ಕಾಲಿಟ್ಟ.

"ಕಾಲು ಕೆಳಗಿಳಿಸಿ ಯಜಮಾನ್ರೇ," ಎಂದಳು ಮುದುಕಿ.

ಅವಳು ಎದ್ದು ಬಂದು ತನ್ನ ಕತ್ತೆಯ ಕುತ್ತಿಗೆಯ ತೊಗಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟಳು. ಅದು ತಟ್ಟನೆ ಹಿಂದಕ್ಕೆ ಹೋಯಿತು. ಆಮೇಲೆ ಕೆಂಚಿಯ ಕುತ್ತಿಗೆಯನ್ನು ಹಾಗೆಯೇ ಚಿವುಟಿ ಬಿಟ್ಟಳು. ಚಿವುಟಿದ ತೊಗಲು ಚಿವುಟಿದ ಹಾಗೆಯೇ ನಿಂತಿತು. ಮಡಿಸಿಟ್ಟ ಬಟ್ಟೆಯ ಅಂಚು ನಿಲ್ಲುತ್ತದಲ್ಲ, ಹಾಗೆ.

ಬಟ್ಟೆ ಮಾರುವವನಿಗೆ ಅದು ಅರ್ಥವಾಯಿತು. "ನೀರು ಎದುರಿಗೇ ಇದೆಯಲ್ಲ ಅಜ್ಜಿ, ಯಾಕೆ ಕುಡಿಯುತ್ತಿಲ್ಲ?"

"ಬೆಳಿಗ್ಗೆ ನೀರು ಕೇಳಿತ್ತಾ?"

"ಕೇಳಿತ್ತು."

"ಮಧ್ಯಾಹ್ನ?"

"ಆಗಲೂ ಕೇಳಿತ್ತು."

"ಈಗ ಕೇಳೋದು ಬಿಟ್ಟಿದೆ. ಬಾಯಾರಿಕೆ ತೀರಿ ಸುಮ್ಮನಾಗಿಲ್ಲಪ್ಪಾ. ತನಗೆ ಬಾಯಾರಿದೆ ಅನ್ನೋದೇ ಅದಕ್ಕೀಗ ಗೊತ್ತಿಲ್ಲ. ಹೀಗೇ ಹತ್ತಿಕೊಂಡು ಹೋಗು, ಆ ಗುಡ್ಡ ದಾಟೋದರೊಳಗೆ ಇದನ್ನ ಕಳಕೊಳ್ತೀಯ."

ಮುದುಕಿ ಒಳಗೆ ಹೋಗಿ ಒಂದು ಹಿಡಿ ಉಪ್ಪು ತಂದಳು. ಒಂದು ಚಿಟಿಕೆಯನ್ನು ಒದ್ದೆ ಬೆರಳಲ್ಲಿ ತೆಗೆದು ಕುದುರೆಯ ನಾಲಿಗೆಗೆ ಸವರಹೋದಳು. ವರ್ತಕ ಅವಳ ಕೈ ಹಿಡಿದುಕೊಂಡ. "ನೀರಿಲ್ಲದೆ ಸಾಯುವ ಜೀವಕ್ಕೆ ಉಪ್ಪು ತಿನ್ನಿಸುತ್ತೀಯಾ? ತಲೆ ನೆಟ್ಟಗಿದೆಯಾ ನಿನಗೆ?"

ಮುದುಕಿ ಬೈಯಲಿಲ್ಲ. ಕೆಂಚಿಯ ಪಕ್ಕೆಯ ಮೇಲಿನ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದು ಅವನ ಕೈಗೆ ಹಾಕಿದಳು. "ನೆಕ್ಕಿ ನೋಡು," ಎಂದಳು. ಅವನು ನೆಕ್ಕಿದ. ಉಪ್ಪು. "ಒಳಗಿದ್ದ ಉಪ್ಪೆಲ್ಲ ಬೆವರಲ್ಲಿ ಹೊರಗೆ ಬಂದು ಕೂತಿದೆ. ಉಪ್ಪೇ ಹೋದ ಮೇಲೆ ಬಾಯಾರಿದೆ ಅಂತ ಅದಕ್ಕೆ ಇನ್ನು ಯಾರು ಹೇಳಬೇಕು?"

ಅವನು ಕೈ ಬಿಟ್ಟ.

ಅವಳು ನಾಲಿಗೆಗೆ ಉಪ್ಪು ಸವರಿದಳು. ಉಳಿದದ್ದನ್ನು ಒಂದು ಬಕೆಟ್ಟು ನೀರಿನಲ್ಲಿ ಕರಗಿಸಿದಳು. ಪಕ್ಕದಲ್ಲಿ ಇನ್ನೊಂದು ಬಕೆಟ್ಟು ಬರೀ ನೀರಿಟ್ಟಳು. ಜೀನು ಬಿಚ್ಚಿಸಿದಳು. ಇಬ್ಬರೂ ಕುದುರೆಯ ಕುತ್ತಿಗೆಗೆ, ಕಾಲಿಗೆ ನೀರು ಸುರಿದರು. ಆಮೇಲೆ ಅವಳು ಕೆಳಗೆ ಕೂತು, ದನಕ್ಕೆ ನೀರು ಕುಡಿಸುವಾಗ ಹಾಕುತ್ತಾರಲ್ಲ, ಆ ಸಣ್ಣ ಶಿಳ್ಳೆ ಹಾಕುತ್ತಾ ಕಾದಳು. ವರ್ತಕ ನಿಂತೇ ಇದ್ದ. ಒಂಬತ್ತು ವರ್ಷದಲ್ಲಿ ಒಂದು ದಿನವೂ ದೇವರನ್ನು ಏನೂ ಕೇಳದವನು ಅವತ್ತು ಏನೇನು ಕೇಳಿಕೊಂಡನೋ ಅವನಿಗೇ ಗೊತ್ತು.

ಬಹಳ ಹೊತ್ತು ಏನೂ ಆಗಲಿಲ್ಲ.

ಆಮೇಲೆ ಕುದುರೆಯ ನಾಲಿಗೆ ಬಾಯೊಳಗೆ ಹೊರಳಿತು. ಒಂದು ಕಿವಿ ಆಡಿತು. "ಬಂತು," ಎಂದಳು ಮುದುಕಿ. ಕೆಂಚಿ ತಲೆ ತಗ್ಗಿಸಿ ಉಪ್ಪುನೀರಿಗೆ ತುಟಿ ಹಚ್ಚಿತು. ಒಂದು ಗುಟುಕು. ಕಿವಿ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಇನ್ನೊಂದು ಗುಟುಕು. ಮತ್ತೆ ಕಿವಿ ಆಡಿತು. ಕುದುರೆ ನೀರು ಕುಡಿಯುವಾಗ ಗುಟುಕು ಗುಟುಕಿಗೂ ಕಿವಿ ಆಡುತ್ತದೆ. ಒಂಬತ್ತು ವರ್ಷ ಸಾಕಿದವನು ಅದನ್ನು ಅವತ್ತೇ ಮೊದಲು ಕಂಡದ್ದು. ಗಂಟಲ ಕೆಳಗೆ ನೀರು ಒಂದರ ಹಿಂದೊಂದು ಉಂಡೆಯಾಗಿ ಹೋಗುವುದು ಕಾಣುತ್ತಿತ್ತು. ಆ ಬಕೆಟ್ಟು ಮುಗಿಯಿತು. ಪಕ್ಕದ್ದು ಮುಗಿಯಿತು. ವರ್ತಕ ಅಳುತ್ತಾ ಸೇದುತ್ತಿದ್ದ, ಕುದುರೆ ಕುಡಿಯುತ್ತಿತ್ತು.

ಅವನು ಮುದುಕಿಯ ಕಾಲಿಗೆ ಬೀಳಹೋದ. ಅವಳು ಹಿಂದೆ ಸರಿದಳು. "ನನ್ನ ಕಾಲಿಗೆ ಯಾಕಪ್ಪಾ? ನೀರು ನೀನೂ ಇಟ್ಟಿದ್ದೆ, ನಾನೂ ಇಟ್ಟೆ. ಕುಡಿದದ್ದು ಅದು," ಎಂದು ಕುದುರೆಗೇ ಕೈ ಮುಗಿದಳು.

ಅವನು ಅಲ್ಲಿ ಮೂರು ದಿನ ಉಳಿದ. ತೊಟ್ಟಿಲ ಶಾಸ್ತ್ರ ಅವನಿಲ್ಲದೆ ಆಗಿಹೋಯಿತು. ನಾಲ್ಕನೆಯ ದಿನ ನಸುಕಿನಲ್ಲಿ ಎದ್ದು, ಕೆಂಚಿಯ ಹಗ್ಗ ಹಿಡಿದು, ಮಗಳ ಊರಿಗೆ ನಡೆದುಕೊಂಡೇ ಹೋದ. ದಾರಿಯಲ್ಲಿ ನೀರು ಕಂಡ ಕಡೆಯೆಲ್ಲ ನಿಂತ.

ಇಲ್ಲಿಗೆ ಗುರುಗಳು ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತು ತಮ್ಮ ಅಂಗೈ ನೋಡಿಕೊಂಡರು.

"ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ ಕಣಯ್ಯಾ," ಎಂದರು. "ಮೂತಿಯ ಮುಂದೆಯೇ ನೀರು. ಒಳಗೆ ಜೀವ ಒಣಗುತ್ತಿದೆ. ಕುದುರೆ ಮಾತ್ರ ನೆಮ್ಮದಿಯಾಗಿ ನಿಂತಿದೆ. ಒಂದು ಚಿಟಿಕೆ ಉಪ್ಪಿನಿಂದ ಅದು ಮತ್ತೆ ಜೀವಕ್ಕೆ ತಿರುಗಿತಲ್ಲ! ಎಂಥ ಮೈ ಕೊಟ್ಟಿದ್ದಾನಪ್ಪಾ, ಕೊಟ್ಟವನು!"

ಅಂಗಳದಲ್ಲಿ ಬಿಸಿಲು ಇಳಿದಿತ್ತು. ಪರ್ವತಯ್ಯ ಏಳಲೂ ಇಲ್ಲ, ಅಪ್ಪಣೆಯನ್ನು ಮತ್ತೆ ಕೇಳಲೂ ಇಲ್ಲ. ಅವನ ಕೈ ಅವನಿಗರಿವಿಲ್ಲದೆ ಕುತ್ತಿಗೆಯ ಮೇಲೆ ಹೋಗಿತ್ತು. ಬಾಯಿ ಹಾಕಬೇಡ ಎಂದದ್ದೂ ಮರೆತು ಅವನು ಮುಂದಕ್ಕೆ ಸರಿದ.

"ಬುದ್ಧಿ," ಎಂದ. "ಹೊಟ್ಟೆತುಂಬ ಕುಡಿದ ಕುದುರೆಯೂ ನೀರಿಗೆ ಮುಖ ತಿರುಗಿಸುತ್ತದೆ, ಸಾಯುವ ಕುದುರೆಯೂ ಮುಖ ತಿರುಗಿಸುತ್ತದೆ. ಹಾಗೆ ನಿಂತ ಕುದುರೆಗೆ, ತಾನು ಎರಡರಲ್ಲಿ ಯಾವುದು ಎಂದು ತಿಳಿಯುವುದು ಹೇಗೆ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಆರು ತಿಂಗಳಾದ ಮೇಲೆ ಕಿವಿ ಆಡಿತು ನೋಡು, ಪರ್ವತಯ್ಯ."